ಗ್ಲವ್ ಬಾಕ್ಸ್ ಬಾಗಿಲು ಓರೆಯಾದಾಗ ಲಾಕನ್ನು ಕೊನೆಗೆ ನೋಡಿ

ಕಾರಿನ ಒಳಭಾಗದ ರಿಪೇರಿ ನನ್ನ ಕೆಲಸ. ಹಳೆಯ ಕಾರುಗಳಲ್ಲಿ ಗ್ಲವ್ ಬಾಕ್ಸ್, ಅಂದರೆ ಮುಂದಿನ ಪ್ರಯಾಣಿಕರ ಎದುರಿಗಿರುವ ಸಾಮಾನು ಪೆಟ್ಟಿಗೆಯ ಬಾಗಿಲು ಒಂದು ಮೂಲೆಯಲ್ಲಿ ಜೋತುಬಿದ್ದು, ತಳ್ಳಿದರೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಲಾಕನ್ನೇ ದೂರುತ್ತಾರೆ. ಕೆಲವರು ಅದರ ಕೊಂಡಿಯನ್ನು ಇಕ್ಕಳದಿಂದ ಬಗ್ಗಿಸಿಯೂ ತಂದಿರುತ್ತಾರೆ. ಆದರೆ ಲಾಕ್ ಬಾಗಿಲನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಬಾಗಿಲು ಎಲ್ಲಿ ಕೂರಬೇಕೆಂದು ಹೇಳುವುದು ಕೆಳಗಿನ ಕೀಲು.

ಹಾಗಾಗಿ ಮೊದಲು ಕೊಂಡಿಯ ಸುತ್ತ ಪೆನ್ಸಿಲಿನಿಂದ ಗುರುತು ಮಾಡಿ ಅದನ್ನು ಬಿಚ್ಚಿಡುತ್ತೇನೆ. ಆಮೇಲೆ ಬಾಗಿಲನ್ನು ಕೈಯಿಂದಲೇ ಮುಚ್ಚಿ ಸುತ್ತಲಿನ ಸಂದನ್ನು ನೋಡುತ್ತೇನೆ. ಲಾಕ್ ಇಲ್ಲದಾಗಲೂ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ತೊಂದರೆ ಕೀಲಿನಲ್ಲಿದೆ, ಇಲ್ಲವೇ ಬಾಗಿಲೇ ಸೊಟ್ಟಗಾಗಿದೆ. ಬಾಗಿಲನ್ನು ಅರ್ಧ ತೆರೆದು ಜೋತುಬಿದ್ದ ಮೂಲೆಯನ್ನು ಮೆಲ್ಲಗೆ ಎತ್ತಿದರೆ ಸಡಿಲವಾದ ಕೀಲು ಬೆರಳಿಗೇ ತಿಳಿಯುತ್ತದೆ.

ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ: ಇತ್ತೀಚೆಗೆ ಎ.ಸಿ. ಫಿಲ್ಟರ್ ಬದಲಾಯಿಸಿದ್ದಾರೆಯೇ? ಅನೇಕ ಕಾರುಗಳಲ್ಲಿ ಆ ಫಿಲ್ಟರ್ ಗ್ಲವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಅದನ್ನು ತೆಗೆಯಲು ಪೆಟ್ಟಿಗೆಯ ಎರಡೂ ಬದಿಗಳನ್ನು ಒಳಕ್ಕೆ ಒತ್ತಿ ಕೆಳಗೆ ಇಳಿಸಬೇಕು. ವರ್ಷಗಟ್ಟಲೆ ಬಿಸಿಲು ಉಂಡು ಪೆಡಸಾದ ಪ್ಲಾಸ್ಟಿಕ್ ಆ ಒತ್ತಡಕ್ಕೆ ಬಿರುಕು ಬಿಡುತ್ತದೆ, ಅಥವಾ ಮತ್ತೆ ಜೋಡಿಸುವಾಗ ಒಂದು ಬದಿಯ ಕೀಲು ತನ್ನ ಕುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಪೆಟ್ಟಿಗೆಯ ಹಿಂದೆ ಜಾರಿಬಿದ್ದ ಕಾಗದಗಳೂ ಬಾಗಿಲು ಒಳಗೆ ಕೂರದಂತೆ ತಡೆಯುತ್ತವೆ. ಇವೆರಡನ್ನೂ ನೋಡದೆ ಹೊಸ ಬಿಡಿಭಾಗ ತರಿಸುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಮುರಿದದ್ದನ್ನು ಅಂಟಿಸುವ ಮುನ್ನ ಭಾಗದ ಹಿಂಬದಿಯಲ್ಲಿ ಅಚ್ಚಾದ ಅಕ್ಷರಗಳನ್ನು ಓದಿಕೊಳ್ಳಿ. ಎಬಿಎಸ್ ಎಂಬ ಪ್ಲಾಸ್ಟಿಕ್ ಆಗಿದ್ದರೆ ಅದನ್ನು ಕರಗಿಸಿ ಬೆಸೆಯುವ ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಆಗಿದ್ದರೆ ಸಾಮಾನ್ಯ ಅಂಟುಗಳು ನಿಲ್ಲುವುದಿಲ್ಲ. ಬಿಸಿ ಬೆಸುಗೆ ಹಾಕಬೇಕು ಅಥವಾ ಭಾಗವನ್ನೇ ಬದಲಿಸಬೇಕು. ಸೊಟ್ಟಗಾದ ಬಾಗಿಲಿಗೆ ಬಿಸಿಗಾಳಿ ಹಿಡಿಯುವ ಕೆಲಸಕ್ಕೆ ನಾನು ಸುಲಭವಾಗಿ ಕೈಹಾಕುವುದಿಲ್ಲ. ಎಬಿಎಸ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಬಿಸಿಗಾಳಿ ಯಂತ್ರದ ಶಾಖ ಅದಕ್ಕಿಂತ ಬಹಳ ಹೆಚ್ಚು. ಒಂದು ಕ್ಷಣ ಹೆಚ್ಚಾದರೂ ಮೇಲ್ಮೈಯ ನವಿರಾದ ಗೀರುವಿನ್ಯಾಸ ಅಳಿಸಿ ಹೊಳಪು ಕಲೆ ಉಳಿಯುತ್ತದೆ. ಸಣ್ಣ ವ್ಯತ್ಯಾಸವಾದರೆ ಕೀಲಿನ ಕೆಳಗೆ ತೆಳು ವಾಷರ್ ಇಡುವುದೇ ಮೇಲು.

ಸ್ಕ್ರೂ ಹಿಡಿಯುತ್ತಿಲ್ಲವೆಂದು ಅದಕ್ಕಿಂತ ಉದ್ದದ್ದನ್ನು ತಿರುಗಿಸಬೇಡಿ. ಹಿಂದೆ ವೈರುಗಳಿರುತ್ತವೆ, ಅನೇಕ ಕಾರುಗಳಲ್ಲಿ ಮೇಲ್ಭಾಗದಲ್ಲಿ ಪ್ರಯಾಣಿಕರ ಏರ್‌ಬ್ಯಾಗ್ ಕೂಡ ಇರುತ್ತದೆ. ಹಳದಿ ಬಣ್ಣದ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಕಂಡರೆ ಅದನ್ನು ಮುಟ್ಟದಿರಿ.

ಕೀಲಿನ ರಂಧ್ರಗಳು ಉದ್ದುದ್ದವಾಗಿದ್ದರೆ ಕೆಲಸ ಹಗುರ. ಸ್ಕ್ರೂಗಳನ್ನು ಅರ್ಧ ಬಿಗಿದು, ಬಾಗಿಲು ಮುಚ್ಚಿ, ಸಂದು ಸಮವಾಗುವವರೆಗೆ ಸರಿಸಿ, ಅಲುಗದಂತೆ ತೆರೆದು ಪೂರ್ತಿ ಬಿಗಿಯುತ್ತೇನೆ. ಕೊಂಡಿಯನ್ನು ಹಾಕುವುದು ಅದಾದ ಮೇಲೆಯೇ. ಬಾಗಿಲು ಮುಚ್ಚಿದ ಮೇಲೂ ಗಡಗಡ ಅಂದರೆ ಮೂಲೆಗಳ ರಬ್ಬರ್ ಗುಬ್ಬಿಗಳು ಸವೆದಿವೆ ಎಂದರ್ಥ. ಅವನ್ನು ಬದಲಿಸಿ, ಮಾಮೂಲಿನಂತೆ ಸಾಮಾನು ತುಂಬಿ ಇನ್ನೊಮ್ಮೆ ಮುಚ್ಚಿ ನೋಡಿ ಕಾರನ್ನು ಒಪ್ಪಿಸುತ್ತೇನೆ.