ಬೋಲ್ಸೋವರ್ ಗುಡ್ಡದ ಮೇಲೆ

ಶೆಫೀಲ್ಡಿನಲ್ಲಿರುವ ಅಕ್ಕನ ಮಗಳು ಕಾರು ಓಡಿಸುತ್ತಿದ್ದಳು. "ಚಿಕ್ಕಮ್ಮಾ, ಅಗೋ ಅಲ್ಲಿ ನೋಡಿ" ಅಂದಳು. ದೂರದ ಗುಡ್ಡದ ಅಂಚಿಗೆ ಅಂಟಿಕೊಂಡಂತೆ ಒಂದು ಕೋಟೆ. ಅದೇ ಡರ್ಬಿಶೈರಿನ ಬೋಲ್ಸೋವರ್. ಹದಿನೇಳನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಪರವಾಗಿ ನಿಂತು ಎಲ್ಲವನ್ನೂ ಕಳೆದುಕೊಂಡ ಸಿರಿವಂತ ವಿಲಿಯಂ ಕ್ಯಾವೆಂಡಿಶ್‌ನ ಮನೆ ನೋಡಬೇಕೆಂದು ನನಗೆ ಬಹಳ ದಿನಗಳ ಆಸೆ.

ಮೇಲೆ ಹೋದರೆ ಗಾಳಿಯೋ ಗಾಳಿ. ಇಲ್ಲಿನ 'ಲಿಟಲ್ ಕ್ಯಾಸಲ್' ಹೊರಗಿನಿಂದ ಕೋಟೆಯಂತೆ ಕಂಡರೂ ಕಟ್ಟಿದ್ದು ಯುದ್ಧಕ್ಕಲ್ಲ, ಸಂತೋಷಕ್ಕೆ. 1612ರಲ್ಲಿ ವಿಲಿಯಂನ ಅಪ್ಪ ಚಾರ್ಲ್ಸ್ ಶುರು ಮಾಡಿದ. 1617ರಲ್ಲಿ ಅವನು ತೀರಿಕೊಂಡ ಮೇಲೆ ಮಗ ವಿಲಿಯಂ ಮುಗಿಸಿದ. ಮಲಗುವ ಕೋಣೆಗೆ ಹೊಂದಿಕೊಂಡು ಎರಡು ಪುಟ್ಟ ಕೋಣೆಗಳಿವೆ. ಒಂದರ ಚಾವಣಿಯಲ್ಲಿ ಏಸು ಸ್ವರ್ಗಕ್ಕೆ ಏರುತ್ತಿದ್ದಾನೆ, ಸುತ್ತ ದೇವದೂತರು. ಇನ್ನೊಂದರಲ್ಲಿ ಮೈಮೇಲೆ ಬಟ್ಟೆ ನಿಲ್ಲದ ಗ್ರೀಕ್ ದೇವತೆಗಳು. ಕತ್ತು ನೋಯುವವರೆಗೂ ನೋಡಿದೆ. ಎರಡೂ ಒಬ್ಬನಿಗೇ ಬೇಕಾಗಿದ್ದವು, ಅದೂ ಪಕ್ಕಪಕ್ಕದಲ್ಲೇ!

1634ರ ಜುಲೈನಲ್ಲಿ ರಾಜ ಒಂದನೇ ಚಾರ್ಲ್ಸ್, ರಾಣಿ ಹೆನ್ರಿಯೆಟ್ಟಾ ಮರಿಯಾ ಇಲ್ಲಿಗೆ ಊಟಕ್ಕೆ ಬಂದರು. ಆ ದಿನಕ್ಕೆಂದೇ ನಾಟಕಕಾರ ಬೆನ್ ಜಾನ್ಸನ್ ಒಂದು ನೃತ್ಯನಾಟಕ ಬರೆದುಕೊಟ್ಟ. ಆ ಸತ್ಕಾರಕ್ಕೆ 14ರಿಂದ 15 ಸಾವಿರ ಪೌಂಡ್ ಹಿಡಿಯಿತು ಎಂದು ವಿಲಿಯಂನ ಎರಡನೇ ಹೆಂಡತಿ ಮಾರ್ಗರೆಟ್ ಮುಂದೆ ಬರೆದಿಟ್ಟಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವಲ್ಲ, ರಾಜನನ್ನು ಊಟಕ್ಕೆ ಕರೆದು ನೋಡು ಅಂತಲೂ ಸೇರಿಸಬೇಕು ಅನ್ನಿಸಿತು.

ಅಂಗಳದಾಚೆ ಕುದುರೆ ಪಳಗಿಸುವ ದೊಡ್ಡ ಹಜಾರವಿದೆ. ಮೇಲೆ ದಪ್ಪ ಮರದ ತೊಲೆಗಳ ಸೂರು, ಕೆಳಗೆ ಮೆತ್ತನೆಯ ನೆಲ. ಮಹಡಿಯ ಕಿಟಕಿಯಲ್ಲಿ ನಿಂತು ಕೆಳಗೆ ನೋಡಬಹುದು. ಕುದುರೆಯನ್ನು ಕುಣಿಸುವ ವಿದ್ಯೆ ಅಂದರೆ ವಿಲಿಯಂಗೆ ಪ್ರಾಣ. ದೇಶ ಬಿಟ್ಟು ಸಾಲದಲ್ಲಿ ಮುಳುಗಿದ್ದಾಗಲೂ ಕುದುರೆಗಳನ್ನು ಬಿಡಲಿಲ್ಲ. 1658ರಲ್ಲಿ ಆ ಬಗ್ಗೆ ಫ್ರೆಂಚಿನಲ್ಲಿ ಒಂದು ಭಾರಿ ಪುಸ್ತಕವನ್ನೇ ಪ್ರಕಟಿಸಿದ.

ಅಂತರ್ಯುದ್ಧದಲ್ಲಿ, 1644ರ ಜುಲೈ 2ರಂದು, ಯಾರ್ಕ್ ನಗರದ ಬಳಿಯ ಮಾರ್ಸ್ಟನ್ ಮೂರ್‌ನಲ್ಲಿ ವಿಲಿಯಂನ ಸೇನೆ ನುಚ್ಚುನೂರಾಯಿತು. 'ಬಿಳಿ ಕೋಟಿನವರು' ಎಂದು ಹೆಸರಾಗಿದ್ದ ಅವನ ಸೈನಿಕರು ನಿಂತಲ್ಲೇ ಸತ್ತರು. ಅವನು ಹಡಗು ಹತ್ತಿ ಜರ್ಮನಿಯ ಹ್ಯಾಂಬರ್ಗಿಗೆ ಹೊರಟುಹೋದ. ನನಗೆ ಸಂಕಟವಾಗುವುದು ಇಲ್ಲೇ. ಮೊದಲ ಹೆಂಡತಿ ಎಲಿಜಬೆತ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದಳು. ಹೆಣ್ಣುಮಕ್ಕಳು ಹತ್ತಿರದ ವೆಲ್‌ಬೆಕ್ ಮನೆಯಲ್ಲಿದ್ದರು. ಒಂದೇ ತಿಂಗಳಲ್ಲಿ ಪಾರ್ಲಿಮೆಂಟಿನ ಸೇನೆ ಅಲ್ಲಿಗೂ ಬಂತು. ಹಿರಿಯವಳು ಜೇನ್‌ಗೆ ಆಗ 23ರ ಆಸುಪಾಸು, ತಂಗಿ ಎಲಿಜಬೆತ್‌ಗೆ 18. ಆ ಯುದ್ಧದ ವರ್ಷಗಳಲ್ಲಿ ಅವರಿಬ್ಬರೂ ಕೂತು ನಾಟಕ ಬರೆದರು. ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಹುಡುಗಿಯರು ಅದರಲ್ಲಿದ್ದಾರೆ. ಆ ಹಸ್ತಪ್ರತಿ ಈಗಲೂ ಆಕ್ಸ್‌ಫರ್ಡಿನಲ್ಲಿದೆ. ಅಪ್ಪನಿಗಾಗಿ ಜೇನ್ ಒಡವೆ ಮಾರಿದಳು. ಬೋಲ್ಸೋವರನ್ನು ಕೆಡವಲು ಕೊಂಡವರಿಂದ ವಿಲಿಯಂನ ತಮ್ಮ ಚಾರ್ಲ್ಸ್ ಅದನ್ನು ಮರಳಿ ಕೊಂಡ. ಇವರಿಲ್ಲದಿದ್ದರೆ ನಾವು ನೋಡಲು ಏನೂ ಉಳಿಯುತ್ತಿರಲಿಲ್ಲ, ಅಲ್ವಾ?

1645ರಲ್ಲಿ ಪ್ಯಾರಿಸ್ಸಿನಲ್ಲಿ ವಿಲಿಯಂ ರಾಣಿಯ ಸಖಿ ಮಾರ್ಗರೆಟ್ ಲ್ಯೂಕಸ್‌ಳನ್ನು ಮದುವೆಯಾದ. ಇಬ್ಬರೂ ಆಂಟ್‌ವರ್ಪಿನಲ್ಲಿ, ಚಿತ್ರಕಾರ ರೂಬೆನ್ಸ್ ಬಾಳಿದ ಮನೆಯನ್ನು ಬಾಡಿಗೆಗೆ ಹಿಡಿದರು. ಮಾರ್ಗರೆಟ್ ಕವಿತೆ, ನಾಟಕ, ವಿಜ್ಞಾನ ಎಲ್ಲವನ್ನೂ ಬರೆದಳು, ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದಳು. ಗಂಡ ಬದುಕಿದ್ದಾಗಲೇ, 1667ರಲ್ಲಿ, ಅವನ ಜೀವನಚರಿತ್ರೆ ಹೊರತಂದಳು. ಯುದ್ಧದಿಂದ ಆದ ನಷ್ಟವನ್ನೂ ಅದರಲ್ಲಿ ಲೆಕ್ಕ ಹಾಕಿದ್ದಾಳೆ: 9,41,303 ಪೌಂಡ್. ಕೊನೆಯ ಆ ಮೂರು ಪೌಂಡನ್ನೂ ಬಿಟ್ಟಿಲ್ಲ.

ಸಂಜೆ ಗುಡ್ಡದಂಚಿನ ಉದ್ದನೆಯ ಅರಮನೆಯ ಸಾಲಿನಲ್ಲಿ ನಡೆದೆವು. ಅದಕ್ಕೀಗ ಸೂರಿಲ್ಲ. ಬರೀ ಕಿಟಕಿಗಳು, ಅವುಗಳಲ್ಲಿ ಆಕಾಶ.

ವಾರದ ನಂತರ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಹೋದಾಗ ವಿಲಿಯಂ-ಮಾರ್ಗರೆಟ್ ಸಮಾಧಿಯನ್ನು ಹುಡುಕಿಕೊಂಡು ಹೋದೆ. ವಿಲಿಯಂ 1660ರಲ್ಲಿ ದೇಶಕ್ಕೆ ಮರಳಿ, 1665ರಲ್ಲಿ ಡ್ಯೂಕ್ ಆಗಿ, 1676ರಲ್ಲಿ ತೀರಿಕೊಂಡ. ಅವನಿಗಿಂತ ಮೂರು ವರ್ಷ ಮೊದಲೇ ಮಾರ್ಗರೆಟ್ ಹೋಗಿದ್ದಳು. ಇಬ್ಬರೂ ಅಮೃತಶಿಲೆಯಲ್ಲಿ ಜೊತೆಯಾಗಿ ಮಲಗಿದ್ದಾರೆ. ಅವಳ ಕೈಯಲ್ಲಿ ತೆರೆದ ಪುಸ್ತಕ, ಲೇಖನಿಯ ಡಬ್ಬಿ, ಮಸಿಕುಡಿಕೆ.