78 ಡಿಗ್ರಿಯ ಗೊಬ್ಬರ

ಕಳೆದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಒಂದು ಸಾಲಿನ ಸುದ್ದಿ ಬಂತು: ಗೊಬ್ಬರದ ಮೇಷ್ಟ್ರು ಹೋಗಿಬಿಟ್ಟರು. ಅವರಿಗೆ ಬೇರೆ ಹೆಸರಿತ್ತು, ಕೋಣೆಯ ಬಾಗಿಲ ಮೇಲೆ ಬರೆದೂ ಇತ್ತು. ಮೂರು ವರ್ಷದಲ್ಲಿ ನಾವ್ಯಾರೂ ಆ ಹೆಸರನ್ನು ಬಾಯಲ್ಲಿ ಆಡಿದ್ದು ನೆನಪಿಲ್ಲ. ಅದಾಗಿ ವಾರಕ್ಕೆ ಸಂಚಿಕೆಯ ಸಂಪಾದಕರು ಫೋನ್ ಮಾಡಿ, 'ನೀವೇ ಬರೀಬೇಕು ಸರ್, ಆ ಬ್ಯಾಚಿನಲ್ಲಿ ಬರೆಯೋರು ಅಂತ ಇರೋದು ನೀವೊಬ್ಬರೇ' ಎಂದರು. ಇಂಥ ಮಾತಿಗೆ ನಾನು ಮೊದಲಿನಿಂದಲೂ ಬೇಗ ಕರಗುವವನು.

ನಾವು ಓದಿದ್ದು ಸುಸ್ಥಿರ ಆಹಾರ ವ್ಯವಸ್ಥೆಗಳ ಪದವಿ. ಹೆಸರು ಹೇಳಿದರೆ ಜನ ಒಂದು ಗಳಿಗೆ ಮುಖ ನೋಡುತ್ತಿದ್ದರು. 'ಅಡುಗೆ ಕಲಿಸ್ತಾರಾ?' ಅಂತ ಒಬ್ಬರು, 'ಅಂದ್ರೆ ಕೃಷಿ ಡಿಗ್ರೀನಾ?' ಅಂತ ಇನ್ನೊಬ್ಬರು. 'ಅಲ್ಲ, ಆದರೆ ಅದೂ ಇದೆ' ಎಂದು ಇಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದೆವು. ಬೆಳಿಗ್ಗೆ ಮಣ್ಣು, ಆಮೇಲೆ ಅರ್ಥಶಾಸ್ತ್ರ, ಮಧ್ಯಾಹ್ನ ಪೌಷ್ಟಿಕತೆ, ಕೊನೆಗೆ ಎಲ್ಲರೂ ತೂಕಡಿಸುವ ಹೊತ್ತಿಗೆ ಆಹಾರ ಕಾನೂನು. ಒಂದು ತುತ್ತು ಹೊಲದಿಂದ ತಟ್ಟೆಗೆ, ತಟ್ಟೆಯಿಂದ ತಿಪ್ಪೆಗೆ ಹೋಗುವಷ್ಟರಲ್ಲಿ ಎಷ್ಟು ಕೈ ದಾಟುತ್ತದೋ ಅಷ್ಟು ವಿಷಯ. ಆಗಿನ ಪಠ್ಯಕ್ರಮವನ್ನು ಈಗ ಮುಂದೆ ಹಿಡಿದರೆ ಅರ್ಧವನ್ನು ನಾನು ಓದಿಯೇ ಇಲ್ಲ ಎಂದು ವಾದಿಸಿಯೇನು. 1996ರ ರೋಮ್ ಶೃಂಗಸಭೆ ಕೊಟ್ಟ ಆಹಾರ ಭದ್ರತೆಯ ವ್ಯಾಖ್ಯೆ ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಪರೀಕ್ಷೆಗೆ ಅದು ತಪ್ಪದೆ ಬರುತ್ತಿತ್ತು, ಅಷ್ಟೇ ಕಾರಣ.

ಪಾಠ ಹೇಳಿದವರಲ್ಲಿ ನೆನಪಿನಲ್ಲಿ ಉಳಿದಿರುವುದು ಇಬ್ಬರು. ಮೊದಲನೆಯವರು ಲೆಕ್ಕದ ಮೇಡಂ. ಅವರು ಪಾಠ ಮಾಡುತ್ತಿದ್ದದ್ದು ಅರ್ಥಶಾಸ್ತ್ರ ಮತ್ತು ಜೀವನಚಕ್ರ ವಿಶ್ಲೇಷಣೆ, ಅಂದರೆ ಒಂದು ವಸ್ತು ಹುಟ್ಟಿದಲ್ಲಿಂದ ಕಸವಾಗುವವರೆಗೆ ಪರಿಸರಕ್ಕೆ ಏನೇನು ಹೊರೆ ಎಂಬ ಲೆಕ್ಕ. ಮೊದಲ ದಿನ ಬಂದವರೇ ಮೇಜಿನ ಮೇಲೆ ಒಂದು ಹೋಳು ಬ್ರೆಡ್ ಇಟ್ಟು, 'ಇದರಲ್ಲಿ ಏನೇನಿದೆ?' ಎಂದರು. ಗೋಧಿ, ನೀರು, ಉಪ್ಪು, ಯೀಸ್ಟ್ ಎಂದೆವು. 'ನೈಸರ್ಗಿಕ ಅನಿಲ ಬಿಟ್ರಲ್ಲ' ಎಂದು ಬೋರ್ಡಿನ ಕಡೆ ತಿರುಗಿದರು. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ತೋರಿಸಿದ್ದು, 1913ರಲ್ಲಿ ಕಾರ್ಲ್ ಬಾಷ್ ಅದನ್ನು ಜರ್ಮನಿಯ ಓಪಾವಿನಲ್ಲಿ ಕಾರ್ಖಾನೆಗೆ ಏರಿಸಿದ್ದು, ಇವತ್ತು ಅದಕ್ಕೆ ಬೇಕಾದ ಹೈಡ್ರೋಜನ್ ಹೆಚ್ಚಾಗಿ ನೈಸರ್ಗಿಕ ಅನಿಲದಿಂದಲೇ ಬರುವುದು, ಆ ಅಮೋನಿಯ ಯೂರಿಯಾ ಆಗಿ ಗೋಧಿಯ ಬುಡ ಸೇರುವುದು. 'ನಿಮ್ಮ ಮೈಯಲ್ಲಿರೋ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಖಾನೆಯದು' ಎಂದಾಗ ನಾವು ಮೊಣಕೈ ಮುಟ್ಟಿ ನೋಡಿಕೊಂಡೆವು. ಅಲ್ಲಿಗೇ ನಿಲ್ಲಿಸಲಿಲ್ಲ. ಗಿಡಕ್ಕೆ ದಕ್ಕದ ಗೊಬ್ಬರದಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ತೂಕಕ್ಕೆ ತೂಕ ಇಟ್ಟರೆ ಅದು ಇಂಗಾಲದ ಡೈಆಕ್ಸೈಡಿಗಿಂತ 250 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಆಮೇಲೆ ಟ್ರ್ಯಾಕ್ಟರಿನ ಡೀಸೆಲ್, ಗಿರಣಿ, ಒಲೆ, ಲಾರಿ. ಬೋರ್ಡು ತುಂಬಿತು. 'ಈಗ ಹೇಳಿ, ಈ ಹೋಳನ್ನು ಕಸಕ್ಕೆ ಹಾಕಿದರೆ ಏನೇನು ಹಾಕಿದ ಹಾಗಾಯ್ತು?' ಎಂದು ತಿರುಗಿ ನೋಡಿದರೆ ಮೇಜಿನ ಮೇಲೆ ಬ್ರೆಡ್ ಇಲ್ಲ. ಮುಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಗೆಳೆಯನ ಕೆನ್ನೆ ಉಬ್ಬಿತ್ತು. ಮೇಡಂ ಅವನನ್ನೇ ನೋಡುತ್ತ, 'ಸರಿಯಾದ ಉತ್ತರ ಕೊಟ್ಟಿದ್ದು ಇವನೊಬ್ಬನೇ' ಎಂದರು.

ಅಮರ್ತ್ಯ ಸೇನರನ್ನು ಓದಿಸಿದ್ದೂ ಅವರೇ. 1943ರ ಬಂಗಾಳದ ಕ್ಷಾಮದಲ್ಲಿ ಅಕ್ಕಿ ಇರಲಿಲ್ಲ ಎಂದಲ್ಲ, ಬೆಲೆ ಏರಿದಾಗ ಕೂಲಿ ಏರದವರ ಕೈಗೆ ಅದು ಸಿಗಲಿಲ್ಲ ಎಂಬ ಸೇನರ ವಾದವನ್ನು ಅಂಕಿ ಹಿಡಿದು ತೋರಿಸಿ, ಏನೂ ಸೇರಿಸದೆ, ಡಸ್ಟರ್ ಎತ್ತಿಕೊಂಡು ಹೋಗಿಬಿಟ್ಟಿದ್ದರು.

ಇನ್ನು ಮೇಷ್ಟ್ರು. ತೆಳ್ಳನೆಯ ಆಳು, ಉಗುರಿನ ಸಂದಿಯಲ್ಲಿ ಸದಾ ಮಣ್ಣು. ಮಣ್ಣನ್ನು ಮೊದಲು ಮೂಸಿ, ಆಮೇಲೆ ನೋಡುವವರು. ಸ್ಲೈಡು ಎಂದರೆ ಅವರಿಗೆ ಸೂಕ್ಷ್ಮದರ್ಶಕದ ಗಾಜು ಮಾತ್ರ. ಒಂದು ದಿನ ಮಳೆಗೆ ಸಿಕ್ಕಿ ಎಲ್ಲರೂ ಗೊಬ್ಬರದ ಶೆಡ್ಡಿನಡಿ ನಿಂತಿದ್ದಾಗ ಅವರು ನಿಕೊಲಾಯ್ ವಾವಿಲೋವ್ ಕಥೆ ಹೇಳಿದರು. ರಷ್ಯದ ಸಸ್ಯವಿಜ್ಞಾನಿ, ಲೋಕವೆಲ್ಲ ಸುತ್ತಿ ಬೀಜ ಕೂಡಿಸಿದವನು. 1941ರಿಂದ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ ಆ ಬೀಜಭಂಡಾರ ಕಾಯುತ್ತಿದ್ದವರಲ್ಲಿ ಹಲವರು ಹಸಿವಿನಿಂದ ಸತ್ತರು, ಅಕ್ಕಿಯ ಚೀಲಗಳು ಪಕ್ಕದಲ್ಲೇ ಇದ್ದವು, ಮುಟ್ಟಲಿಲ್ಲ. ವಾವಿಲೋವ್ ತಾನೂ ತನ್ನದೇ ಸರ್ಕಾರದ ಸೆರೆಮನೆಯಲ್ಲಿ 1943ರಲ್ಲಿ ತೀರಿಕೊಂಡ. ಮಳೆ ನಿಂತಿತ್ತು. ಮೇಷ್ಟ್ರು, 'ಊಟದ ಹೊತ್ತಾಯ್ತು, ಹೊರಡಿ' ಎಂದರು. ಅವತ್ತು ಮೆಸ್ಸಿನ ಕಸದ ಬಕೆಟ್ ಖಾಲಿ. ಮರುದಿನವೂ ಹೆಚ್ಚು ಬೀಳಲಿಲ್ಲ. ಮೂರನೇ ದಿನ ಎಂದಿನಂತೆ ತುಂಬಿತು. ಸುಳ್ಳು ಯಾಕೆ ಬರೆಯಲಿ, ಆ ಬಕೆಟ್ ತೂಗುತ್ತಿದ್ದವನು ನಾನೇ.

ಮೆಸ್ಸಿನಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ತೂಗಿ, ಒಣ ಎಲೆಯ ಜೊತೆ ಬೆರೆಸಿ, ಗುಡ್ಡೆ ಹಾಕಿ ಗೊಬ್ಬರ ಮಾಡುವುದು ಎರಡನೇ ವರ್ಷದ ಪ್ರಾಯೋಗಿಕ. ಮೂವರಿಗೆ ಒಂದು ಗುಡ್ಡೆ. ಸಾರಜನಕದ ಒಂದು ಪಾಲಿಗೆ ಇಂಗಾಲ 30 ಪಾಲಿನ ಆಸುಪಾಸು ಇರಬೇಕು, ಗಾಳಿ ಆಡಬೇಕು. ಹಾಗಿದ್ದರೆ ಗುಡ್ಡೆಯ ಹೊಟ್ಟೆ ತಾನಾಗಿಯೇ 55ರಿಂದ 65 ಡಿಗ್ರಿಗೆ ಏರುತ್ತದೆ. ಇಳಿದರೆ ಇಡೀ ಗುಡ್ಡೆಯನ್ನು ಮಗುಚಿ ಹಾಕಬೇಕು, ಎರಡು ತಾಸಿನ ಕೆಲಸ. ಉದ್ದನೆಯ ಕಡ್ಡಿಯಂಥ ಥರ್ಮಾಮೀಟರ್ ಚುಚ್ಚಿ ದಿನಾ ಪುಸ್ತಕದಲ್ಲಿ ಬರೆಯಬೇಕು. ಎಲೆ ತುಂಬಿದ ಕೋಣೆಯ ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಕೇಳಿದರೆ ಒಂದೇ ಚೀಲ ಕೊಡುತ್ತಿದ್ದರು. 'ಸಾಲಲ್ಲ ಸರ್' ಎಂದರೆ, 'ನೋಡಿ ಹೇಳಿ' ಎನ್ನುತ್ತಿದ್ದರು.

ನಾವು ನೋಡಲೂ ಇಲ್ಲ, ಹೇಳಲೂ ಇಲ್ಲ. ಅದು ಕಾಲೇಜು ನಾಟಕದ ತಾಲೀಮಿನ ಕಾಲ. ಬ್ರೆಡ್ ತಿಂದ ಗೆಳೆಯನಿಗೆ ಮಂತ್ರಿಯ ಪಾತ್ರ, ನನಗೆ ಪರದೆ ಎಳೆಯುವ ಕೆಲಸ. ಗುಡ್ಡೆ ಪಿಚಪಿಚ ಅಂದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಥರ್ಮಾಮೀಟರ್ 31 ತೋರಿಸಿತು. ಗೆಳೆಯ ಕಡ್ಡಿಯನ್ನು ಒರೆಸಿ, ಫ್ಲಾಸ್ಕಿನ ಚಹಾದಲ್ಲಿ ಅದ್ದಿದ. ಅರ್ಧ ಆರಿದ ಚಹಾ, 61 ಬಂತು. ಅಕ್ಷರ ದುಂಡಗಿದೆ ಅಂತ ಬರೆಯುವ ಹೊಣೆ ನನ್ನದು, ಬರೆದೆ. ಹೀಗೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಚಹಾ ಆಗಷ್ಟೇ ಇಳಿಸಿದ್ದು. ನಾನು ಪ್ರಾಮಾಣಿಕ, ಕಂಡದ್ದನ್ನೇ ಬರೆದೆ: 78.

ಮೇಷ್ಟ್ರು ಪುಸ್ತಕ ನೋಡಿದರು, ಗುಡ್ಡೆ ನೋಡಿದರು, ಥರ್ಮಾಮೀಟರನ್ನು ಬೆಳಕಿಗೆ ಹಿಡಿದರು.

'70 ದಾಟಿದ್ರೆ ಗೊಬ್ಬರ ಮಾಡೋ ಜೀವಿಗಳಲ್ಲಿ ಮುಕ್ಕಾಲು ಪಾಲು ಸಾಯ್ತವೆ. ಹಾಗಾದ್ರೆ ಇಲ್ಲಿ ಬದುಕಿರೋರು ನೀವು ಮೂವರೇ. ಅದಿರಲಿ, ಗೊಬ್ಬರದ ಥರ್ಮಾಮೀಟರಿಗೆ ಇರುವೆ ಯಾಕ್ರಯ್ಯಾ ಹತ್ತಿದೆ?'

ಬೈಯಲಿಲ್ಲ. ತೋಳು ಮಡಚಿ, ಮೊಣಕೈವರೆಗೆ ಗುಡ್ಡೆಯೊಳಗೆ ಕೈ ಇಳಿಸಲು ಹೇಳಿದರು. ಒಳಗೆ ತಣ್ಣಗೆ, ಲೋಳೆ ಲೋಳೆ. ಒಂದು ಹಿಡಿ ತೆಗೆದು ಹಿಂಡಿ ಎಂದರು. ಹದವಾಗಿದ್ದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ನಮ್ಮದು ಧಾರೆಯಾಗಿ ಅಂಗಿಯ ತೋಳಿಗೆ ಇಳಿಯಿತು. ಎಲೆಯ ಕೋಣೆಯ ಬೀಗ ತೆರೆದು ಬೇಕಾದಷ್ಟು ಒಯ್ಯಿರಿ ಎಂದರು. ಮೂರು ವಾರ ಸಂಜೆ ತಾಲೀಮು ಇಲ್ಲ, ಗುಡ್ಡೆ ಮಗುಚುವುದೊಂದೇ. ನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಕೈ ಇಳಿಸಿದೆ, ಸುಟ್ಟ ಹಾಗಾಗಿ ತಟ್ಟನೆ ಎಳೆದುಕೊಂಡೆ. ಒಲೆಯಿಲ್ಲ, ಬೆಂಕಿಯಿಲ್ಲ, ನಿನ್ನೆಯ ಅನ್ನ ಮತ್ತು ಎಲೆ, ಅಷ್ಟೇ. ಮೇಷ್ಟ್ರು ದೂರದಲ್ಲಿ ನಿಂತು, 'ಬರ್ಕೋ ಈಗ' ಎಂದರು. 58 ಇತ್ತು.

ಆಮೇಲೆ ನಾನು ಹೊಟ್ಟೆಪಾಡಿಗೆ ಹಿಡಿದದ್ದೂ ದೊಡ್ಡ ಅಡುಗೆಮನೆಗಳ ಕಸದ ಲೆಕ್ಕವನ್ನೇ. ಈ ಕಸುಬಿನಲ್ಲಿ ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತು ಎಂದರೆ ಹೆಚ್ಚುಗಾರಿಕೆ ಆಗಲಾರದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ 105 ಕೋಟಿ ಟನ್, ಅದರಲ್ಲಿ ಸುಮಾರು 60 ಶೇಕಡಾ ಮನೆಗಳದ್ದೇ ಎಂದು ನನ್ನ ಪ್ರತಿ ಭಾಷಣದಲ್ಲೂ ಹೇಳುತ್ತೇನೆ. ಆದರೆ ಹೊಸ ಜಾಗಕ್ಕೆ ಹೋದರೆ ವರದಿ ಕೇಳುವುದಿಲ್ಲ, ಬಕೆಟ್ ಕೇಳುತ್ತೇನೆ. ವರದಿಯಲ್ಲಿ ಚಹಾ ಬೆರೆತಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೋದ ವರ್ಷ ಅತಿಥಿ ಉಪನ್ಯಾಸಕ್ಕೆ ಕಾಲೇಜಿಗೆ ಕರೆದಿದ್ದರು. ಶೆಡ್ಡಿನ ಜಾಗದಲ್ಲಿ ಮುಚ್ಚಿದ ಡ್ರಮ್ಮು, ಒಳಗೆ ಸೆನ್ಸರ್, ಮೊಬೈಲಿನಲ್ಲಿ ಗ್ರಾಫು. ಹುಡುಗರು ಚುರುಕಾಗಿ ವಿವರಿಸಿದರು. ಹವಾಮಾನದ ಒಪ್ಪಂದಗಳೆಲ್ಲ ನಾಲಗೆಯ ತುದಿಯಲ್ಲಿವೆ, ನಮ್ಮ ಕಾಲಕ್ಕೆ ನಮಗೆ ಅಷ್ಟು ತಿಳಿದಿರಲಿಲ್ಲ. 'ವಾಸನೆ ಹೇಗಿದೆ?' ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಚ್ಚಳ ತೆರೆಯಲು ಅನುಮತಿ ಬೇಕಂತೆ. ಮೂರು ವರ್ಷಕ್ಕೆ ಹತ್ತಾರು ಪ್ರಮಾಣಪತ್ರ ಕೂಡಿಸುವ ಮಕ್ಕಳಿಗೆ ಗಬ್ಬು ನಾರುವ ಒಂದು ಗುಡ್ಡೆಯನ್ನು ಕೊಡಲು ನಮಗೆ ಧೈರ್ಯವಿಲ್ಲದೆ ಹೋಯಿತೇ? ಮುದುಕನ ಗೊಣಗಾಟ ಎನ್ನಿ, ಒಪ್ಪುತ್ತೇನೆ. ಆ ಸೆನ್ಸರ್ ನಮ್ಮ ಕೈಗೆ ಸಿಕ್ಕಿದ್ದರೆ ಅದನ್ನೂ ಫ್ಲಾಸ್ಕಿಗೆ ಇಳಿಸುತ್ತಿದ್ದೆವು.

ಮೇಷ್ಟ್ರ ನೆನಪಿನ ಸಭೆಗೆ ನಮ್ಮ ಬ್ಯಾಚಿನಿಂದ ಒಂಬತ್ತು ಜನ ಬಂದಿದ್ದೆವು. ನಾನು ವೇದಿಕೆ ಹತ್ತಿ 78 ಡಿಗ್ರಿಯ ಕಥೆಯನ್ನು ಚೆನ್ನಾಗಿಯೇ ಹೇಳಿದೆ, ಎಲ್ಲರೂ ನಕ್ಕರು. ಇಳಿದು ಬಂದಾಗ ಲೆಕ್ಕದ ಮೇಡಂ ಪಕ್ಕಕ್ಕೆ ಕರೆದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಕಣ್ಣು ಮಾತ್ರ ಹಾಗೇ ಇದೆ.

'ನೀವೇ ಮೊದಲು ಮಾಡಿದ್ದು ಅಂದ್ಕೊಂಡಿದೀಯಾ? ಪ್ರತಿ ವರ್ಷ ಯಾರಾದರೂ ಅದ್ದೋರಪ್ಪ. ನಿಮಗಿಂತ ಹಿಂದಿನವರು ಬಿಸಿನೀರು. ನಿಮ್ಮ ಮುಂದಿನವರು 84 ಬರೆದಿದ್ರು. ಒಂದೇ ಚೀಲ ಎಲೆ ಯಾಕೆ ಕೊಡ್ತಿದ್ರು ಅಂತ ಯೋಚ್ನೆ ಮಾಡಿಲ್ವಾ? ಗುಡ್ಡೆ ಒಂದು ಸಲ ಕೆಡಲಿ ಅಂತಲೇ.'

ನನ್ನ ಬಾಯಿ ಕಟ್ಟಿತು. ಪಕ್ಕದಲ್ಲಿ ನಿಂತಿದ್ದ ಗೆಳೆಯನ ಮುಖ ನಿಧಾನವಾಗಿ ಕೆಂಪಾಯಿತು.

'ಹಾಗಾದ್ರೆ ನನ್ನ ಮಂತ್ರಿ ಪಾತ್ರ ಹೋಗಿದ್ದು ಅವರಿಂದಲೇ!' ಎಂದ.