ಎರಡನೇ ಶನಿವಾರ

ಅಕ್ಕ ಮತ್ತು ಭಾವ ಬೇರೆಯಾಗಿ 2 ವರ್ಷಗಳಾಗಿದ್ದವು. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 11ರಿಂದ 1ರವರೆಗೆ ಮಗಳು ತಂದೆಯೊಡನೆ ಇರಬೇಕೆಂದು ಕುಟುಂಬ ನ್ಯಾಯಾಲಯದ ಮಧ್ಯಂತರ ಆದೇಶವಿತ್ತು. ಭಾವನ ಎದುರು ನಿಲ್ಲುವುದು ಅಕ್ಕನಿಗೆ ಕಷ್ಟವಾಗುತ್ತಿದ್ದುದರಿಂದ, 14 ವರ್ಷದ ಹುಡುಗಿಯನ್ನು ಕರೆದೊಯ್ದು ಬಿಡುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂದಿತ್ತು.

ಆ ಶನಿವಾರ ನಾನು ಹೋದಾಗ ಅವಳು ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಒಂದು ಶೂ ಹಾಕಿಯಾಗಿತ್ತು, ಇನ್ನೊಂದು ಪಕ್ಕದಲ್ಲಿತ್ತು. ಅದರ ಲೇಸನ್ನು ಬೆರಳಿಗೆ, ತುದಿ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತಾ, "ಮಾಮ, ನಾನು ಬರಲ್ಲ. ಇವತ್ತಷ್ಟೇ ಅಲ್ಲ, ಇನ್ನು ಬರೋದೇ ಇಲ್ಲ" ಎಂದಳು. ಅಳು ಇರಲಿಲ್ಲ, ದನಿಯೂ ಏರಿರಲಿಲ್ಲ.

ಹಿಂದಿನ ಸಲ ಹೀಗೆಯೇ ಹಿಂಜರಿದಾಗ, "ನೀನು ಹೋಗದಿದ್ರೆ ಕೋರ್ಟಿನಲ್ಲಿ ಅಮ್ಮನಿಗೆ ತೊಂದರೆ ಆಗುತ್ತೆ ಪುಟ್ಟಿ" ಎಂದು ಹೇಳಿ ಎಬ್ಬಿಸಿದ್ದೆ. ಆ ಮಾತನ್ನು ನಾನು ಆಡಬಾರದಿತ್ತು. ಹಿರಿಯರ ವ್ಯಾಜ್ಯದ ಹೊರೆಯನ್ನು ನನ್ನ ಕೈಯಾರೆ ಎತ್ತಿ ಆ ಮಗುವಿನ ತಲೆಯ ಮೇಲಿಟ್ಟಿದ್ದೆ. ಈ ಸಲ ಸುಮ್ಮನೆ ಅವಳ ಪಕ್ಕದಲ್ಲಿ ಕುಳಿತೆ. ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಂದರೆ ತನ್ನ ಮುಖದಲ್ಲಿ ಮಗಳು ಉತ್ತರ ಹುಡುಕುತ್ತಾಳೆಂಬುದು ಅವಳಿಗೆ ತಿಳಿದಿತ್ತು.

"ಅಪ್ಪ ಹೊಡೆದ್ರಾ? ಅವರನ್ನ ಕಂಡ್ರೆ ಭಯ ಆಗುತ್ತಾ?" ಎಂದು ಮೊದಲು ಕೇಳಿದೆ. ಹೌದೆಂದಿದ್ದರೆ ಮುಂದಿನ ದಾರಿಯೇ ಬೇರೆಯಾಗುತ್ತಿತ್ತು. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು: "ಅಮ್ಮನಿಗೆ ಯಾರು ಫೋನ್ ಮಾಡ್ತಾರೆ, ಅಜ್ಜಿ ಏನಂದ್ರು ಅಂತಾನೇ ಅಪ್ಪ ಕೇಳೋದು. ಮನೆಗೆ ಬಂದ್ರೆ, ಅಪ್ಪ ಏನು ಕೇಳಿದ್ರು ಅಂತ ನೀವೆಲ್ಲ ಕೇಳ್ತೀರ. ನನ್ನ ವಿಷಯ ಯಾರೂ ಕೇಳಲ್ಲ."

ಆ "ನೀವೆಲ್ಲ" ಎಂಬ ಮಾತಿನಲ್ಲಿ ನಾನೂ ಇದ್ದೆ. ವಾಪಸು ಬರುವಾಗ ಸ್ಕೂಟರಿನ ಮೇಲೆ ಪ್ರತಿ ಸಲವೂ ಕೇಳಿದವನು ನಾನೇ.

ವಕೀಲರಿಗೆ ಫೋನ್ ಮಾಡಿದೆ. ಹುಡುಗಿಯನ್ನು ಬಲವಂತವಾಗಿ ಎಳೆದೊಯ್ಯುವುದು ಬೇಡ, ಆದರೆ ಆದೇಶ ಜಾರಿಯಲ್ಲಿರುವಾಗ ನಾವಾಗಿ ತಡೆದೆವೆಂದೂ ಆಗಬಾರದು, ಆದ್ದರಿಂದ ನಾನೇ ಹೋಗಿ ತಿಳಿಸಿ ಬರಬೇಕು, ಸೋಮವಾರ ಆದೇಶದ ಮಾರ್ಪಾಡಿಗೆ ಅರ್ಜಿ ಹಾಕೋಣ ಎಂದರು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ವಿವೇಚನೆಯಿಂದ ಒಲವು ಹೇಳಬಲ್ಲ ವಯಸ್ಸಿನ ಮಕ್ಕಳ ಮಾತನ್ನು ನ್ಯಾಯಾಲಯ ಪರಿಗಣಿಸಬಹುದು. ಆದರೆ ಮಗು ಹೇಳಿದ್ದೇ ಅಂತಿಮವಲ್ಲ, ಅದರ ಕ್ಷೇಮವೇ ಮುಖ್ಯ ಎಂದೂ ವಿವರಿಸಿದರು. ಅದನ್ನು ಅವಳಿಗೆ ಇದ್ದಂತೆಯೇ ಹೇಳಿದೆ. ಅವಳ ಪರವಾಗಿ ಗೆದ್ದು ಬರುತ್ತೇನೆಂಬ ಸುಳ್ಳು ಭರವಸೆ ಕೊಡಲಿಲ್ಲ. "ಅಪ್ಪನಿಗೆ ಹೇಳಬೇಕಾದ್ದನ್ನ ನೀನೇ ಬರಿ, ನಾನು ಓದಲ್ಲ" ಎಂದೆ. ಅವಳು ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕೈದು ಸಾಲು ಬರೆದು, ಮಡಚಿ, ಅಂಚಿಗೆ ಸ್ಟೇಪ್ಲರ್ ಪಿನ್ನು ಹೊಡೆದು ಕೊಟ್ಟಳು.

ಭಾವ ಬೆಂಚಿನ ಮೇಲೆ ಕಾಯುತ್ತಿದ್ದರು. ಪಕ್ಕದಲ್ಲಿ ಮೈಸೂರುಪಾಕಿನ ಡಬ್ಬವಿತ್ತು. ನಾನೊಬ್ಬನೇ ಬಂದದ್ದನ್ನು ಕಂಡು, "ನೀವೇ ಅವಳ ಕಿವಿ ಊದಿದ್ದೀರಿ" ಎಂದು ಸಿಟ್ಟಾದರು. ನಾನು ವಾದಕ್ಕಿಳಿಯದೆ ಚೀಟಿ ಕೊಟ್ಟೆ. ಪಿನ್ನು ಬಿಡಿಸುವಾಗ ಅವರ ಕೈ ನಡುಗುತ್ತಿತ್ತು. ಎರಡು ಸಲ ಓದಿ, ಸುಮಾರು ಹೊತ್ತು ನೆಲ ನೋಡುತ್ತಾ ಕುಳಿತು, "ಅವಳು ಈಗಲೂ ಚಿತ್ರ ಬಿಡಿಸ್ತಾಳಾ?" ಎಂದರು.

"ಅದನ್ನ ಅವಳನ್ನೇ ಕೇಳಿ, ಭಾವ. ನಾನು ಹೇಳಿದ್ರೆ ಮತ್ತೆ ಮೊದಲಿನ ಹಾಗೇ ಆಗುತ್ತೆ" ಎಂದೆ.

ಮುಂದೆ ನ್ಯಾಯಾಧೀಶರು ಅವಳೊಬ್ಬಳನ್ನೇ ತಮ್ಮ ಕೊಠಡಿಗೆ ಕರೆಸಿ ಮಾತನಾಡಿದರು. ಒಳಗೆ ಏನು ನಡೆಯಿತೆಂದು ನಮ್ಮಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಭೇಟಿಯನ್ನು 3 ತಿಂಗಳು ನಿಲ್ಲಿಸಿ, ಆ ಅವಧಿಯಲ್ಲಿ ತಂದೆ ಪತ್ರ ಬರೆಯಬಹುದೆಂದು ಆದೇಶವಾಯಿತು. ಈವರೆಗೆ ಎರಡು ಪತ್ರ ಬಂದಿವೆ. ಮೊದಲನೆಯದನ್ನು ಅವಳು ಬಾಗಿಲು ಹಾಕಿಕೊಂಡು ಓದಿದಳು. ಎರಡನೆಯದು ಅವಳ ಬಣ್ಣದ ಪೆನ್ಸಿಲ್ಲುಗಳ ಡಬ್ಬದ ಕೆಳಗೆ ಇನ್ನೂ ಒಡೆಯದೆ ಇದೆ.